ಹತ್ತು ಆಂಪಿಯರ್

ಕಣ್ಣು ಪರೀಕ್ಷೆಯ ವ್ಯಾನಿನಲ್ಲಿ ಬ್ಯಾಟರಿ ನೋಡಿಕೊಳ್ಳುವುದು ನನ್ನ ಕೆಲಸ. ಸಂಜೆ ಯಾವುದಾದರೂ ಕಟ್ಟಡದ ಪ್ಲಗ್‌ನಿಂದ ವಯರ್ ಎಳೆದರೆ, ವ್ಯಾನಿನೊಳಗಿನ ಇನ್ವರ್ಟರ್ ಆ ಕರೆಂಟನ್ನು ಬ್ಯಾಟರಿಗೆ ತುಂಬಿಸುತ್ತದೆ. ಮರುದಿನ ಯಂತ್ರಗಳೆಲ್ಲ ಆ ಬ್ಯಾಟರಿಯ ಮೇಲೇ ನಡೆಯಬೇಕು. ಎಲ್ಲಿ ಎಷ್ಟು ವೋಲ್ಟ್ ಸಿಕ್ಕಿತೆಂದು ತಾರೀಖು ಹಾಕಿ ಬರೆದಿಡುತ್ತೇನೆ.

ಮಾರ್ಚ್ ಮೊದಲ ವಾರ. ಗೋಣಿಬೀಡಿನಲ್ಲಿ ಇಡೀ ದಿನ ಕ್ಯಾಂಪ್ ಮುಗಿಸಿ ಮಲ್ಲಂದೂರು ಕಡೆಯ ಕಾಫಿ ಎಸ್ಟೇಟ್ ತಲುಪುವಾಗ ಬ್ಯಾಟರಿ ತಳ ಮುಟ್ಟಿತ್ತು. ಕೆಲಸದವರಿಗೆ ಮರುದಿನ ಬೆಳಿಗ್ಗೆ ಮಾತ್ರ ರಜೆ. ಅದು ತಪ್ಪಿದರೆ ಅಲ್ಲಿ ಕ್ಯಾಂಪ್ ಮುಂದಿನ ವರ್ಷವೇ.

ವ್ಯಾನ್ ನಿಲ್ಲಿಸುವ ಮೊದಲೇ ವಯಸ್ಸಾದ ಹೆಂಗಸೊಬ್ಬರು ಬಂದರು. ಕಣದಲ್ಲಿ ಒಣಗಿದ ಪಾರ್ಚ್‌ಮೆಂಟಿನಿಂದ, ಅಂದರೆ ಹಣ್ಣಿನ ಸಿಪ್ಪೆ ಸುಲಿದ ಕಾಫಿಯಿಂದ, ಕೆಟ್ಟ ಬೀಜ ಆರಿಸುವುದರಲ್ಲಿ ಅವರೇ ಮುಂದಿದ್ದರಂತೆ. ಹತ್ತಿರದ್ದು ಕಾಣದಾದಾಗ ಆಳುಗಳ ಕೆಲಸ, ಲೆಕ್ಕ ನೋಡುವ ಎಸ್ಟೇಟಿನ ರೈಟರು ಅವರನ್ನು ಗೊಬ್ಬರ ಹೊರಲು ಕಳಿಸಿದ್ದರು.

"ನಾಳೆ ನೋಡ್ತೀರಿ ಅಲ್ವಾ?"

ನೋಡುತ್ತೇವೆ ಎಂದುಬಿಟ್ಟೆ.

ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಪ್ಲಗ್‌ಗೆ ವಯರ್ ಹಾಕಿದೆ. ಇನ್ವರ್ಟರಿನ ಹಸಿರು ದೀಪ ಹತ್ತಿತು, ಟಕ್ಕೆಂದು ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು. ಮೀಟರ್ ಇಟ್ಟು ಬರೆದುಕೊಂಡೆ: ಚಾರ್ಜ್ ಇಲ್ಲದಾಗ 208, ಚಾರ್ಜ್ ಶುರುವಾದೊಡನೆ 170. ನೂರ ಎಂಬತ್ತಕ್ಕಿಂತ ಇಳಿದರೆ ನಮ್ಮ ಇನ್ವರ್ಟರ್ ಹೊರಗಿನ ಕರೆಂಟನ್ನು ಕೈಬಿಡುತ್ತದೆ.

ತಪ್ಪು ಅದೇ ಲೈನಿನಲ್ಲಿ ಓಡುತ್ತಿದ್ದ ಕೆರೆಯ ಪಂಪಿನದು ಅನ್ನಿಸಿತು. ಕಾಫಿ ಹೂವಿಗೆ ನೀರು ಕೊಡುವ ಸಮಯ. ಸ್ವಲ್ಪ ಹೊತ್ತು ನಿಲ್ಲಿಸಬಹುದೇ ಎಂದು ರೈಟರನ್ನು ಕೇಳಿದೆ.

"ಎಂತ ಮಾರಾಯ, ಸಾವ್ಕಾರ್ರು ನನ್ನ ಬೇಕಾದ್ರೆ ಮನೆಗೆ ಕಳಿಸ್ತಾರೆ, ಪಂಪ್ ಆಫ್ ಮಾಡಲ್ಲ."

ಬೆಳಿಗ್ಗೆ ಹೊತ್ತಿಗೆ ಅರ್ಧವಾದರೂ ತುಂಬದಿದ್ದರೆ ಕ್ಯಾಂಪ್ ರದ್ದು ಎಂದು ನಮ್ಮ ವ್ಯಾನಿನ ಡಾಕ್ಟರು ಹೇಳಿದರು.

ಎದುರಿನ ಗುಡ್ಡದಲ್ಲಿ ಮೇಲಿನ ಸ್ಪ್ರಿಂಕ್ಲರ್‌ಗಳು ನೀರಿನ ಒತ್ತಡ ಸಾಲದೆ ತಿರುಗದೇ ನಿಂತಿದ್ದವು. ರೈಟರು ಕೆಳಗಿನ ಎರಡನ್ನು ಬಂದ್ ಮಾಡಿಸಿದರು. ಮೇಲಿನವು ತಿರುಗತೊಡಗಿದವು. ನಾನು ಪುಸ್ತಕ ತೆರೆದು ಎರಡೂ ಅಂಕಿಗಳನ್ನು ಮತ್ತೆ ನೋಡಿದೆ. ಪಂಪು ಓಡುತ್ತಿರುವಾಗಲೇ 208 ಇತ್ತಲ್ಲ. ಅದನ್ನು ಕೆಳಗೆ ಎಳೆಯುತ್ತಿದ್ದುದು ನಮ್ಮ ಬ್ಯಾಟರಿಯ ಹಸಿವು. ನೀರಾಗಲಿ ಕರೆಂಟಾಗಲಿ, ಒಮ್ಮೆಗೇ ಹೆಚ್ಚು ಎಳೆದರೆ ಒತ್ತಡ ಬೀಳುತ್ತದೆ.

ಚಾರ್ಜಿಂಗ್ ಮಿತಿ ನಲವತ್ತು ಆಂಪಿಯರಿನಲ್ಲಿತ್ತು. ಹತ್ತಕ್ಕೆ ಇಳಿಸಿದೆ. ದೀಪ ಹತ್ತಿತು. ಮೀಟರು 198ಕ್ಕೆ ಬಂದು ನಿಂತಿತು. ಟಕ್ಕೆನ್ನುವ ಸದ್ದಿಗೆ ಕಾದೆ. ಅದು ಬರಲಿಲ್ಲ.

"ಇಷ್ಟು ಸಾಕಾಗುತ್ತಾ?" ಡಾಕ್ಟರು ಕೇಳಿದರು.

"ನಿಧಾನ ಆಗುತ್ತೆ ಡಾಕ್ಟ್ರೇ, ಆದ್ರೆ ಕಟ್ಟಾಗಲ್ಲ."

ಬೆಳಿಗ್ಗೆ ಬ್ಯಾಟರಿ ಮುಕ್ಕಾಲಿಗಿಂತ ಹೆಚ್ಚು ತುಂಬಿತ್ತು. ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದೆ.

ಸಾಲಿನಲ್ಲಿ ಮೊದಲು ಬಂದವರು ಹಿಂದಿನ ಸಂಜೆಯ ಆ ಹೆಂಗಸೇ. ಅವರಿಗೆ ಕನ್ನಡಕ ಹಾಕಿಸಿದ ಮೇಲೆ ರೈಟರು ಪರೀಕ್ಷೆ ಮಾಡುವವರಂತೆ ಒಂದು ಹಿಡಿ ಪಾರ್ಚ್‌ಮೆಂಟ್ ತಂದು ಅಂಗೈಯಲ್ಲಿ ಹಿಡಿದರು, ಎಲ್ಲ ಚೆನ್ನಾಗಿರುವುದನ್ನೇ ತಂದಿದ್ದೇನೆ ಎಂದರು. ಆಕೆ ಬಗ್ಗಿ ನೋಡಿ ಒಂದೊಂದಾಗಿ ನಾಲ್ಕು ಬೀಜ ತೆಗೆದು ಎಸೆದರು.

"ಇದ್ನೆಲ್ಲ ಪಾಸ್ ಮಾಡಿದ್ರಾ ರೈಟ್ರೇ? ಹೋಗಿ, ನೀವೂ ಸಾಲಲ್ಲಿ ನಿಲ್ಲಿ."

ಸಾಲಿಗೆ ಸಾಲೇ ನಕ್ಕಿತು. ರೈಟರು ನಿಜವಾಗಿಯೂ ಹೋಗಿ ಕೊನೆಯಲ್ಲಿ ನಿಂತರು. ಆಕೆ ಮಾತ್ರ ರಜೆ ಮುಗಿಯುವುದಕ್ಕೂ ಕಾಯದೆ ನೇರ ಕಣಕ್ಕೆ ನಡೆದರು.