ಮಾಸ್ತರ್ರ ಎಡಕ್ಕಿದ್ದ ಪೈಪು

ತಡೀರಿ, ಕಾರಿನ ಮಾತು ಆಮ್ಯಾಲ ಬರ್ತೈತಿ, ಅದಕ್ಕ ನೀವು ಸ್ವಲ್ಪ ಕಾಯಬೇಕು. ಮೊದಲ ನಮ್ಮ ಮಾಸ್ತರ್ರ ಬಲಗೈ ನೋಡ್ರಿ. ಹೆಬ್ಬಟ್ಟಿನ ಉಗುರಿನ ಸಂದ್ಯಾಗ ಸೀಮೆಸುಣ್ಣದ ಬಿಳಿ, ಬಾಜೂ ಬೆರಳಿನ ಸಂದ್ಯಾಗ ಗ್ರೀಸಿನ ಕರಿ. ಎಷ್ಟು ತಿಕ್ಕಿದ್ರೂ ಎರಡೂ ಹೋಗ್ತಿದ್ದಿಲ್ಲ. ಸವಣೂರಾಗ ನಮ್ಮ ಎದುರುಮನಿ ಅವರದು. ಗಣಿತ ಕಲಿಸಿ ರಿಟೈರ್ ಆಗಿದ್ರು. ಮನ್ಯಾಗ ಟ್ಯೂಷನ್ ಹೇಳ್ತಿದ್ರು, ಉಳಿದ ಹೊತ್ತು ತಮ್ಮ ಹಳೇ ಕಾರಿನ ಬಾನೆಟ್ ಎತ್ತಿ ನಿಂತಿರ್ತಿದ್ರು. ನಾನು ಹೊಲದ ಪಂಪ್‌ಸೆಟ್ ಬಿಚ್ಚಿ ಬಿಚ್ಚಿ ಕಲ್ತಾಂವ. ಇಪ್ಪತ್ತೆರಡು ವಯಸ್ಸು, ಎಲ್ಲಾ ಬರ್ತೈತಿ ಅನ್ನೋ ಸೊಕ್ಕು.

ಅವರದೊಂದು ಪದ್ಧತಿ ಇತ್ತು. ನೆಲಕ್ಕ ಹಳೇ ಪೇಪರ್ ಹಾಸಿ ಅದಕ್ಕ ‘ಎಲಿ’ ಅಂತಿದ್ರು. ಬಿಚ್ಚಿದ್ದನ್ನೆಲ್ಲಾ ಅದರ ಮ್ಯಾಲ ಊಟಕ್ಕ ಬಡಿಸಿದಂಗ ಇಡಬೇಕು. ಎಡತುದಿ ಉಪ್ಪಿನ ಜಾಗಾ, ಅಲ್ಲಿಂದ ಶುರು. ಬೇಕಾದ್ದು ಎಡಕ್ಕ, ಒಗ್ಯೋದು ಬಲಕ್ಕ. ನಾ ನಟ್ಟು ಎಲ್ಲೆರ ಇಟ್ಟರ, “ಏ ತಮ್ಮಾ, ಪಾಯಸದ ಜಾಗಾಕ್ಕ ಉಪ್ಪಿನಕಾಯಿ ಬಡಿಸಿದ್ಯಲ್ಲೋ” ಅಂತಿದ್ರು. ನಾವು ತಾಟಿನ್ಯಾಗ ರೊಟ್ಟಿ ಉಣ್ಣೋ ಮಂದಿ, ನನಗೇನು ತಿಳಿಬೇಕು ಎಲಿ ಲೆಕ್ಕಾ. ಆದ್ರೂ ತಿಳಿದಾವ್ರಂಗ ತಲಿ ಅಲ್ಲಾಡಸ್ತಿದ್ದೆ.

ಒಂದು ಮುಂಜಾನೆ ಮಾಸೂರಿಂದ ತಾರು ಬಂತು. ತಂಗಿಗೆ ಭಾಳ ಜಡ್ಡು, ಅಣ್ಣನ್ನ ನೋಡಬೇಕಂತಾಳ, ಲಗೂನ ಬರ್ರಿ ಅಂತ. ಮಾಸ್ತರ್ರು ಆಕಿ ಮಗಳ ಲಗ್ನಕ್ಕ ಹೋಗಿದ್ದಿಲ್ಲ. ಏನೋ ಮಾತಿಗೆ ಮಾತು ಬೆಳೆದು ವರ್ಷಗಟ್ಲೆ ಅಣ್ಣ ತಂಗಿ ಮಾತಾಡಿದ್ದಿಲ್ಲ. ತಾರು ಓದಿ ಕಣ್ಣೊರಸ್ಕೊಂಡು, ಕಾರು ತಯಾರ ಮಾಡೋಣ ನಡಿ ಅಂದ್ರು.

ಕಾರಿನ ಹೀಟ್ ಮೀಟರ್ ಕೆಟ್ಟಿತ್ತು. ಎಂಜಿನ್ನಿನ ಬಿಸಿ ತಿಳಿಸೋ ಸಣ್ಣ ಸೆನ್ಸರ್ ಒಂದನ್ನ ಹುಬ್ಬಳ್ಳಿಯಿಂದ ತರಿಸಿಟ್ಟಿದ್ರು. ಅದನ್ನ ಹಾಕದ ಅಷ್ಟು ದೂರ ಹೋಗೋದು ಬ್ಯಾಡ ಅಂತ ಇಬ್ರೂ ಪೇಪರ್ ಹಾಸಿ ಕುಂತ್ವಿ. ಅಲ್ಲಿಗೆ ಕೈ ಹೋಗಬೇಕಂದ್ರ ಕಾರ್ಬುರೇಟರಿನ ಒಂದು ರಬ್ಬರ್ ಪೈಪು ಬಿಚ್ಚಬೇಕು. ಬಿಚ್ಚಿದ್ರ ಅದು ಸೀಳಿತ್ತು. ಗುಜರ್ಯಾಗ ಸಿಕ್ಕ ಇನ್ನೊಂದು ಪೈಪು ಇತ್ತು, ನೋಡಾಕ ಎರಡೂ ಒಂದ ಥರಾ ಕರ್ರಗ. ಎರಡನ್ನೂ ಮಾಸ್ತರ್ರು ತಮ್ಮ ಪದ್ಧತಿಪ್ರಕಾರ ಎಲಿ ಮ್ಯಾಲ ಇಟ್ರು. ಸೆನ್ಸರ್ ಕುಂಡ್ರಿಸಿ, ಎಡಗಡೆ ಪೈಪು ಹಾಕಿ ಮುಗಸು, ನಾ ಸ್ನಾನ ಮಾಡಿ ಬರ್ತೀನಿ ಅಂತ ಮಾಸ್ತರ್ರು ಒಳಗ ಹೋದ್ರು. ಎಡಗಡೆದ್ದ ಹಾಕಿದೆ.

ಚಾಲೂ ಮಾಡಿದ್ರ, ಎಕ್ಸಲೇಟರ್ ಮುಟ್ಟದನ ಗಾಡಿ ಒಂದ ಸವನ ಒದರಾಕತ್ತು. ಸ್ಲೋಕ್ಕ ಬರವಲ್ದು. ಮಾಸ್ತರ್ರು ಚೀಲಾ ಹಿಡ್ಕೊಂಡು ಬಂದು, ಇರ್ಲಿ ಬಿಡು, ಹಾವೇರಿ ಬಸ್ಸು ಇನ್ನೂ ಹೋಗಿಲ್ಲ, ಅದಕ್ಕ ಹೋಗಿ ಅಲ್ಲಿಂದ ಮಾಸೂರ ಬಸ್ಸು ಹಿಡೀತೀನಿ ಅಂದ್ರು.

“ಅರ್ಧಾ ತಾಸು ತಡೀರಿ ಸರ” ಅಂದೆ. “ನಾ ಇದ್ದೀನಲ್ರಿ.”

ಅವರು ಚೀಲಾ ಕೆಳಗಿಟ್ರು. ಬಸ್ಸು ಹೋತು.

ಸ್ಲೋ ಸ್ಕ್ರೂ ತಿರುವಿದೆ, ಚೋಕಿನ ವಾಯರ್ ನೋಡಿದೆ, ಎಕ್ಸಲೇಟರ್ ಸ್ಪ್ರಿಂಗ್ ಬದಲಿಸಿದೆ. ಹೊಸಾ ಸೆನ್ಸರ್ರ ಖೊಟ್ಟಿ ಇರಬೇಕು ಅಂತ ಅದನ್ನೂ ಬಯ್ದೆ. ಬಿಸಿ ತೋರಸೋದಕ್ಕೂ ಈ ಓಟಕ್ಕೂ ಸಂಬಂಧ ಇಲ್ಲೋ ಅಂದ್ರು ಮಾಸ್ತರ್ರು. ಮೂರು ತಾಸು ಹೋತು. ಕಡೀಕ ಅವರು ಧೋತ್ರಾ ಎತ್ತಿ ಕಟ್ಟಿ, ಸ್ಕ್ರೂ ಮೊದಲಿದ್ದಲ್ಲಿಗೆ ತಂದು, ತಂಬಿಗಿ ನೀರು ತಗೊಂಡು ಪೈಪಿನ ಮ್ಯಾಲ ಹನಿ ಹನಿ ಬಿಟ್ರು. ಒಂದು ಕಡೆ ನೀರು ಬಿದ್ದ ಕೂಡ್ಲೆ ಸಪ್ಪಳ ಕುಂತು ಮತ್ತ ಎದ್ತು. ಅಲ್ಲಿ ಬೆರಳಿಲೆ ಒತ್ತಿ ಹಿಡಿದ್ರು. ಗಾಡಿ ತಣ್ಣಗ ಸ್ಲೋಕ್ಕ ಬಂತು. ಸೀಳಿದ ಪೈಪನ್ನ ನಾ ಹೊಳ್ಳಿ ಹಾಕಿದ್ದೆ, ಆ ಸೀಳಿನಿಂದ ಎಂಜಿನ್ನು ಗಾಳಿ ಎಳ್ಕೋತಿತ್ತು.

ಎಡಗಡೆದ್ದ ಹಾಕೇನ್ರಿ ಸರ ಅಂದೆ.

ಅವರು ಪೇಪರ್ ನೋಡಿದ್ರು, ನನ್ನ ನೋಡಿದ್ರು. ನಾ ಕುಂತಿದ್ದು ಅವರ ಎದುರು. ಅವರ ಎಡ ನನಗ ಬಲ.

“ತಪ್ಪು ನಂದ ಅದ” ಅಂದ್ರು. “ಎಲಿ ಹಾಕಿ ನಿನ್ನ ಎದುರಿಗೆ ಕೂಡಿಸಿದೆ. ಬಾಜೂಕ ಕೂಡಿಸ್ಕೋಬೇಕಿತ್ತು.”

ಪೈಪು ಬದಲಿಸಿ ಇಬ್ರೂ ಕಾರಿನ್ಯಾಗ ಹೊಂಟು ಮಾಸೂರು ಮುಟ್ಟಿದಾಗ ಅಂಗಳದಾಗ ಮಂದಿ ನಿಂತಿದ್ರು. ಆಕಿ ಹೋಗಿ ಒಂದು ತಾಸಾಗಿತ್ತಂತ. ಆ ಬಸ್ಸಿಗೆ ಹೋಗಿದ್ರ ಅಣ್ಣ ತಂಗಿ ಮಾತಾಡ್ತಿದ್ರು. ಆಕಿ ಮಗ ಬಾಗಲದಾಗ ನಿಂತು, “ಈಗ ಪುರಸತ್ತ ಆತೇನು ಮಾಮಾ? ಸಿಟ್ಟು ಇಳೀತೇನು?” ಅಂದ. ನಾ ಬಾಯಿ ತೆಗದೆ. ಮಾಸ್ತರ್ರು ನನ್ನ ಮುಂಗೈ ಹಿಡಿದು ಹಿಂದಕ್ಕ ಸರಿಸಿದ್ರು. ತಡಾ ಆತಪ್ಪಾ ಅಂದ್ರು, ಅಷ್ಟ. ಒಳಗ ಹೋಗಿ ತಂಗಿ ಕಾಲ ಹತ್ರ ಕುಂತ್ರು.

ಹೊಳ್ಳಿ ಬರೋವಾಗ ಹಿರೇಕೆರೂರ ದಾಟಿದ್ವಿ. ಆಮ್ಯಾಲ ಅವರು ಅಂದ್ರು: “ತಾಯಿ ಹೋಗ್ಯಾಳ, ಯಾರಿಗೆರ ಬಯ್ಯಬೇಕಲ್ಲ ಅವ. ನನಗ ಬಯ್ಲಿ. ನಾ ಅವನ ಮಾಮಾ ಇದ್ದೀನಿ, ತಡಕೋತೀನಿ. ನೀ ಯಾರು ಅವಗ?”

ಮುಂದಿನ ಚಳಿಗಾಲಕ್ಕ ಮಾಸ್ತರ್ರು ಹೋದ್ರು. ಅವತ್ತು ಆ ತಂಗಿ ಮಗಾನೂ ಬಂದಿದ್ದ. ದೂರ ಕಟ್ಟಿಮ್ಯಾಲ ಕುಂತು, ನಮ್ಮವ್ವ ಬಾಗಲಾ ನೋಡ್ಕೋತ ಹೋದ್ಲು, ಈ ಮನಷ್ಯಾ ಬರಲಿಲ್ಲ ಅಂತ ಯಾರಿಗೋ ಹೇಳ್ತಿದ್ದ. ನಾ ನಾಕು ಹೆಜ್ಜಿ ಆಚೆ ನಿಂತಿದ್ದೆ. ಅವತ್ತೂ ಹೇಳಲಿಲ್ಲ. ಮಾಸ್ತರ್ರು ಬ್ಯಾಡಂದಿದ್ರು ಅಂತಲ್ರಿ, ಅಂಜಿಕಿ ಆತು.

ಈಗ ಇದನ್ನ ಟೈಪ್ ಮಾಡಿ ಮೊದಲ ಪ್ರತಿ ಮಾಸೂರಿಗೆ, ಆ ತಂಗಿ ಮಗಗ, ಪೋಸ್ಟ್ ಮಾಡೇನಿ. ಏನು ಉತ್ತರಾ ಬರ್ತೈತೋ, ಬರ್ತೈತೋ ಇಲ್ಲೋ. ನಿಮ್ಮ ತಪ್ಪನ್ನ ಯಾರೆರ ತಮ್ಮ ಮ್ಯಾಲ ಹೊತ್ಕೊಂಡು ಹೋಗಿದ್ರ, ಅವರು ಹೋದ ಮ್ಯಾಲ ನೀವು ಏನು ಮಾಡಿದ್ರಿ, ಬರದು ತಿಳಸ್ರಿ. ನನಗ ಅದು ಬೇಕಾಗೇತಿ.