ಸೀಟಿನ ಕೆಳಗಿನ ಕಚ್ಚು

ನನ್ನ ಸೈಕಲ್ಲಿಗೆ ಕಿವಿ ಇತ್ತು. ಅಣ್ಣನ ಪ್ರಕಾರವಂತೂ ಇತ್ತು. ಸೀಟಿನ ಕೆಳಗೆ, ಹಿಂದಿನ ಎಡಗಡೆಯ ಸರಳು ಬಂದು ಚೌಕಟ್ಟಿಗೆ ಕೂಡುತ್ತದಲ್ಲ, ಆ ಜಾಗವನ್ನು ಅವನು ಕಿವಿ ಎನ್ನುತ್ತಿದ್ದ.

ನಾವು ಬೀರಪ್ಪ ದೇವರ ಒಕ್ಕಲು. ಶಿರೂರಿನ ಆಚೆಯ ಹಳ್ಳಿಯಲ್ಲಿ ಕುರಿ ಸಾಕಿ ಬದುಕಿದವರು. ನಮ್ಮ ಹಟ್ಟಿಗೆ ಹೊಸ ಮರಿ ಬಂದರೆ ಎಡಗಿವಿಗೆ ಒಂದು ಕಚ್ಚು ಹಾಕಿ, ಬೆನ್ನ ಮೇಲೆ ಮೂರು ಕೆಂಪು ಪಟ್ಟೆ ಎಳೆದು, ಹಣೆಗೆ ದೇವರ ಅರಿಷಿಣವಾದ ಭಂಡಾರ ಹಚ್ಚುತ್ತಿದ್ದರು. ಅಲ್ಲಿಗೆ ಅದು ನಮ್ಮದಾಯಿತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಾಗಲಕೋಟೆಯ ವಿದ್ಯಾಗಿರಿಗೆ ಕಾಲೇಜು ಕಲಿಯಲು ಹೊರಟಾಗ, ಅಣ್ಣ ಉಣ್ಣೆ ಕತ್ತರಿಸುವ ಹಂಗಾಮು ಮುಗಿಸಿ ನನಗಾಗಿ ಒಂದು ಹಳೆಯ ಕರಿ ಸೈಕಲ್ಲು ತಂದ. ತಂದವನೇ ಅರ ಹಿಡಿದು ಅದರ ಕಿವಿಗೆ ಕಚ್ಚು ಹಾಕಿದ. ನಡುವಿನ ಕೊಳವೆಗೆ ಮೂರು ಕೆಂಪು ಪಟ್ಟೆ ಎಳೆದ. ಎಣ್ಣೆಯಲ್ಲಿ ಕಲಸಿದ ಭಂಡಾರವನ್ನು ಹ್ಯಾಂಡಲ್ಲಿನ ಬುಡದ ತುಂಬ ಬಳಿದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಸಂತೆಯ ಸಾವಿರ ಕುರಿಗಳ ನಡುವೆ ಕಣ್ಣು ಮುಚ್ಚಿ, ಕಿವಿ ಮುಟ್ಟಿ, ನಮ್ಮದನ್ನು ಎಳೆದು ತರುತ್ತಿದ್ದ.

"ಇನ್ನ ಇದು ಎಲ್ಲಿ ಹೋದ್ರೂ ನಮ್ದ," ಎಂದ.

ವಿದ್ಯಾಗಿರಿಯ ಗೆಳೆಯರಿಗೆ ಇಷ್ಟೇ ಸಾಕಾಯಿತು. ನಾನು ಕಾಲೇಜಿನ ಗೇಟು ಹೊಕ್ಕರೆ ಒಬ್ಬ "ಬ್ಯಾ" ಎನ್ನುತ್ತಿದ್ದ. ಇನ್ನೊಬ್ಬ, "ಲೇ, ಕುರಿ ಕಟ್ಟಿ ಬಾ, ಮೇಯಾಕ ಹೋದೀತು," ಎನ್ನುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈಗ ಯೋಚಿಸಿದರೆ ಅವರು ಕೆಟ್ಟವರಲ್ಲ. ನಾನೂ ಒಂದು ಸಲ ಅವರ ಜೊತೆ ನಕ್ಕುಬಿಟ್ಟಿದ್ದರೆ ವಾರದಲ್ಲಿ ಮರೆಯುತ್ತಿದ್ದರು. ನನಗೆ ನಗಲು ಬರಲಿಲ್ಲ. ಬಿ.ಎ. ಓದುವವನ ಸೈಕಲ್ಲಿಗೆ ಕುರಿಯ ಗುರುತು ಯಾಕೆ ಎಂಬ ಸಿಟ್ಟು ಎದೆಯಲ್ಲಿ ಕೂತುಬಿಟ್ಟಿತ್ತು.

ಊರೊಳಗೆ ಒಬ್ಬ ಸಾಬರ ಸೈಕಲ್ ಅಂಗಡಿ ಇತ್ತು. ಆ ಮೇಸ್ತ್ರಿಯ ಬಳಿಗೆ ಹೋಗಿ, ಎಲ್ಲ ಕೆರೆದು ನೀಲಿ ಬಣ್ಣ ಹಚ್ಚಿಕೊಡಿ ಎಂದೆ. ಅವರು ಪಟ್ಟೆಗಳನ್ನು ನೋಡಿದರು, ಭಂಡಾರ ನೋಡಿದರು, ಬಗ್ಗಿ ಸೀಟಿನ ಕೆಳಗೂ ನೋಡಿದರು.

"ಇದು ಯಾರೋ ಮನಸಿಟ್ಟು ಮಾಡಿದ ಗುರುತೈತಿ, ತಮ್ಮಾ. ಇದನ್ನ ಉಜ್ಜಾಕ ನಾ ಒಲ್ಲೆ. ನೀನ ಉಜ್ಜು. ಬಣ್ಣ ಬೇಕಾರ ನಾ ಹಚ್ಚಿ ಕೊಡ್ತೇನಿ."

ಆಗಲಾದರೂ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಗಾಲಿ, ಚೈನು ಎಲ್ಲ ಬಿಚ್ಚಿ, ಚೌಕಟ್ಟನ್ನು ಅಂಗಡಿಯ ಹಿಂದಿನ ಬೇವಿನ ಮರಕ್ಕೆ ತೂಗುಹಾಕಿ, ಮುರಿದ ಗರಗಸದ ಅಲಗಿನಿಂದ ಕೆರೆಯತೊಡಗಿದೆ. ಕರಿ ಬಣ್ಣ ಹಪ್ಪಳದಂತೆ ಏಳುತ್ತಿತ್ತು. ಆಮೇಲೆ ಪಾಲಿಶ್ ಪೇಪರ್ ಹಿಡಿದು ನೀರು ಹಾಕುತ್ತ ಉಜ್ಜಿದೆ. ಕರಿ ಬಣ್ಣ ಬೇಗ ಹೋಯಿತು. ಅಣ್ಣನ ಮೂರು ಪಟ್ಟೆಗಳು ಹೋಗಲು ಎರಡು ದಿನ ಹಿಡಿಯಿತು. ಅದೇನು ಬೆರೆಸಿದ್ದನೋ. ಉಗುರಿನ ಸಂದಿಯಲ್ಲೆಲ್ಲ ಅರಿಷಿಣ ತುಂಬಿ, ಊಟಕ್ಕೆ ಕೂತರೆ ಅನ್ನ ಹಳದಿಯಾಗುತ್ತಿತ್ತು. ಕಬ್ಬಿಣ ಬೆಳ್ಳಗೆ ಹೊಳೆದಾಗ ಮೇಸ್ತ್ರಿ ಬಂದು ಬೆರಳಾಡಿಸಿದರು. "ಕಚ್ಚು ಕಬ್ಬಿಣದಾಗ ಕುಂತೈತಿ. ತುಂಬಲೇನು?" ಎಂದರು. ಸೀಟಿನ ಕೆಳಗೆ ಬಗ್ಗಿ ನೋಡುವವರು ಯಾರು? ಬೇಡ ಎಂದೆ.

ಮೊದಲ ಕೋಟಿನ ಬಣ್ಣ ಆರುತ್ತಿದ್ದ ದಿನವೇ ಅಣ್ಣ ನನ್ನ ಖೋಲಿಗೆ ಬಂದ. ಹುನಗುಂದದ ಕಡೆ ಕರಿ ಎರಿ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದವನು, ಚಳಿ ಶುರುವಾಯಿತೆಂದು ನನಗೊಂದು ಹೊಸ ಕಂಬಳಿ ತಂದಿದ್ದ. ಖೋಲಿಯಲ್ಲಿ ಆ ಗೆಳೆಯರೂ ಕೂತಿದ್ದರು. ನೀರು ಕುಡಿದು ಅಣ್ಣ ಅತ್ತಿತ್ತ ನೋಡಿದ.

"ಸೈಕಲ್ ಎಲ್ಲೈತಿ?"

ನಿನ್ನ ಗುರುತು ನನಗೆ ನಾಚಿಕೆ ತಂದಿತು, ಉಜ್ಜಿ ಹಾಕಿದೆ ಎನ್ನಲು ನಾಲಿಗೆ ಏಳಲಿಲ್ಲ. "ಕಳುವಾತು," ಎಂದುಬಿಟ್ಟೆ. ಗೆಳೆಯರು ನನ್ನ ಮುಖ ನೋಡಿದರು.

ಬೈಯುತ್ತಾನೆಂದು ಕಾದೆ. ಅವನು ಬೈಯಲಿಲ್ಲ. ನನ್ನ ಭುಜ ತಟ್ಟಿ, "ಅಂಜಬ್ಯಾಡ. ಕಳದ ಕುರಿನ ಸಿಗತಾವ, ಸೈಕಲ್ ಎಲ್ಲಿ ಹೋಗತೈತಿ? ಅವ್ವಗ ಹೇಳೂದ ಬ್ಯಾಡ. ನಾ ಹುಡುಕತೇನಿ," ಎಂದು ಕಂಬಳಿ ಇಟ್ಟು ಹೊರಟುಹೋದ.

ಕುರಿ ಕಳೆದರೆ ನಮ್ಮವರು ಪೊಲೀಸರ ಬಳಿ ಹೋಗುವುದಿಲ್ಲ. ಸುತ್ತಲಿನ ಸಂತೆಗಳಿಗೆ ಹೋಗಿ ಕಿವಿ ಮುಟ್ಟುತ್ತ ನಡೆಯುತ್ತಾರೆ. ಅಣ್ಣ ಸೈಕಲ್ಲನ್ನೂ ಹಾಗೆಯೇ ಹುಡುಕಿದ. ಕುರಿಗಳನ್ನು ಜೊತೆಯವರಿಗೆ ಒಪ್ಪಿಸಿ, ಬಾಗಲಕೋಟೆಯ ಸಂತೆ, ಬಾದಾಮಿಯ ಸಂತೆ, ಹುನಗುಂದದ ಸಂತೆ ಎಂದು ಅಲೆದ. ಎಲ್ಲಿ ಸೈಕಲ್ಲು ಸಾಲಾಗಿ ನಿಂತಿದ್ದರೂ ಒಂದೊಂದರ ಸೀಟಿನ ಕೆಳಗೂ ಕೈ ಹಾಕಿ ನೋಡಿದ. ಇತ್ತ ನಾನು ಬಿಳಿ ಗೆರೆ ಎಳೆಸಿಕೊಂಡ ನೀಲಿ ಸೈಕಲ್ಲಿನ ಮೇಲೆ ಗಂಟೆ ಬಾರಿಸುತ್ತ ತಿರುಗುತ್ತಿದ್ದೆ. ಈಗ ಯಾರೂ "ಬ್ಯಾ" ಎನ್ನುತ್ತಿರಲಿಲ್ಲ.

ಒಂದು ದಿನ ನಮ್ಮೂರಿನ ಹಿರಿಯರೊಬ್ಬರು ಬಜಾರದಲ್ಲಿ ಸಿಕ್ಕರು.

"ನಿಮ್ಮಣ್ಣಗ ಇಳಕಲ್ಲ ಸಂತ್ಯಾಗ ಸೈಕಲ್ ಕಳ್ಳ ಅಂತ ಹಿಡದು ಬಡದ್ರಪಾ. ತಮ್ಮನ ಸೈಕಲ್ ಹುಡಕಾಕ ಹತ್ತೇನಿ ಅಂದ್ರ ಯಾರ ಕೇಳ್ತಾರ?" ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಸೈಕಲ್ಲು ನೋಡಿ, "ಹೊಸಾದೇನು?" ಎಂದು ಕೇಳಿದರು.

"ನಮ್ಮ ಗೆಳ್ಯಾಂದ್ರಿ," ಎಂದೆ.

ಆ ದಿನವೇ ಹುನಗುಂದದ ಬಸ್ಸು ಹತ್ತಿ ಹೋಗಿ ಅಣ್ಣನ ಕಾಲು ಹಿಡಿಯಬೇಕಿತ್ತು. ಹೋಗಲಿಲ್ಲ. ಪರೀಕ್ಷೆ ಹತ್ತಿರ ಬಂದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನಷ್ಟು ಸುಲಭವಾಗಿ ನನ್ನ ಮಾತು ನಂಬುವವರು ಇನ್ನೊಬ್ಬರಿರಲಿಲ್ಲ, ಅಣ್ಣನೊಬ್ಬನನ್ನು ಬಿಟ್ಟು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಸಂಜೆ ತರಗತಿ ಮುಗಿಸಿ ಗೆಳೆಯರೊಂದಿಗೆ ಸೈಕಲ್ ನಿಲ್ಲಿಸುವ ಕಡೆ ಬಂದರೆ, ನನ್ನ ನೀಲಿ ಸೈಕಲ್ಲಿನ ಸೀಟು ಹಿಡಿದು ಅಣ್ಣ ನಿಂತಿದ್ದ. ಹುಬ್ಬಿನ ಮೇಲೆ ಇಳಕಲ್ಲಿನ ಗಾಯ ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು.

"ಸಿಕ್ತು ನೋಡು. ನಿಮ್ಮ ಕಾಲೇಜಿನಾಗ ಐತಿ. ಕಳ್ಳ ಮೈಗೆಲ್ಲಾ ಬಣ್ಣ ಬಳದಾನ, ಕಿವಿ ಮರತಾನ," ಎಂದ. ನನ್ನ ಕೈ ಹಿಡಿದು ಸೀಟಿನ ಕೆಳಗೆ ಎಳೆದು ಕಚ್ಚು ಮುಟ್ಟಿಸಿದ. "ಕೀಲಿ ಹಾಕ್ಯಾನ. ಬಿಚ್ಚಾಕ ಬರಲೇಬೇಕು. ಇಲ್ಲೇ ನಿಂದ್ರೂಣು."

ಕೀಲಿಕೈ ನನ್ನ ಇನ್ನೊಂದು ಮುಷ್ಟಿಯಲ್ಲಿತ್ತು. ಗೆಳೆಯರು ತಮ್ಮ ತಮ್ಮ ಸೈಕಲ್ಲು ತೆಗೆದುಕೊಂಡು ಹೋದರು. ನಾನು ಅಣ್ಣನ ಪಕ್ಕದಲ್ಲಿ ನಿಂತೆ, ಕಳ್ಳನಿಗಾಗಿ ಕಾಯುತ್ತ. ಯಾರಾದರೂ ಈ ಕಡೆ ನಡೆದು ಬಂದರೆ ಅಣ್ಣ ಸೆಟೆದು ನಿಲ್ಲುತ್ತಿದ್ದ. ಅವರು ಬೇರೆ ಸೈಕಲ್ಲು ತೆಗೆದರೆ ಸಡಿಲಾಗುತ್ತಿದ್ದ. ಮೂವತ್ತು ಸೈಕಲ್ಲಿದ್ದಲ್ಲಿ ಹತ್ತಾಯಿತು, ಆಮೇಲೆ ನಾಲ್ಕಾಯಿತು. ಕೊನೆಗೆ ನಮ್ಮದೊಂದೇ ಉಳಿಯಿತು.

"ನಮ್ಮನ್ನ ನೋಡಿ ಅಂಜಿ ಓಡಿರಬೇಕು," ಎಂದ ಅಣ್ಣ.

ನಾನು ಮುಷ್ಟಿ ಬಿಚ್ಚಿದೆ. ಕೀಲಿಕೈ ಅಂಗೈಯಲ್ಲಿ ಅಚ್ಚೊತ್ತಿತ್ತು.

ಅವನು ಅದನ್ನು ನೋಡಿದ, ಗಾಲಿಗೆ ಹಾಕಿದ್ದ ಕೀಲಿ ನೋಡಿದ, ಆಮೇಲೆ ನನ್ನನ್ನು ನೋಡಿದ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಸೀಟಿನ ಧೂಳು ಒರೆಸಿ, ನೀಲಿ ಕೊಳವೆಯ ಮೇಲೆ ಪಟ್ಟೆಗಳಿದ್ದ ಜಾಗದಲ್ಲಿ ಒಮ್ಮೆ ಕೈಯಾಡಿಸಿದ.

"ಬ್ಯಾಡಾಗಿತ್ತಂದ್ರ ಹೇಳಬೇಕಿಲ್ಲೊ, ತಮ್ಮಾ. ನಾನ ಉಜ್ಜಿ ಕೊಡ್ತಿದ್ದೆ."

ಅಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ಸೈಕಲ್ಲಿನ ಹಿಂದೆ ಕೂಡು ಎಂದು ಎರಡು ಸಲ ಕರೆದೆ. "ನೀ ನಡಿ, ಕತ್ತಲಾಗತೈತಿ," ಎಂದನೇ ಹೊರತು ಕೂಡಲಿಲ್ಲ. ಆಮೇಲೆ ಅವನು ಬದುಕಿರುವತನಕ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ದಿನ ಕೀಲಿಕೈ ತೋರಿಸಿದೆನಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಅದೂ ಸುಳ್ಳೇ. ಬೇರೆ ಸೈಕಲ್ಲು ಉಳಿದಿರಲಿಲ್ಲ, ಅದಕ್ಕೆ ತೋರಿಸಿದೆ. ಮೇಸ್ತ್ರಿ ಕೇಳಿದಾಗ ಆ ಕಚ್ಚು ತುಂಬಿಸಿಬಿಟ್ಟಿದ್ದರೆ ಅಣ್ಣ ಸಂತೆಯಿಂದ ಸಂತೆಗೆ ಹುಡುಕುತ್ತಲೇ ಇರುತ್ತಿದ್ದ. ನಾನು ಅವನನ್ನು ಹುಡುಕಲು ಬಿಡುತ್ತಿದ್ದೆ.