ಪರದೆಗೆ ಹಚ್ಚಿದ ಕುಂಕುಮ

ಹಲಸಿಯ ಗುಡಿಯ ಮುಂದೆ ನನ್ನ ಹೊಸ ಎಲೆಕ್ಟ್ರಿಕ್ ಕಾರಿಗೆ ಪೂಜೆ ನಡೆದಿತ್ತು. ಒತ್ತುವ ಗುಂಡಿಗಳೇ ಇಲ್ಲ, ಎಲ್ಲ ಟಚ್ ಪರದೆಯ ಮೇಲೇ ಎಂದು ದಾರಿಯುದ್ದಕ್ಕೂ ಜಂಬ ಕೊಚ್ಚಿದ್ದೆ. ಅವ್ವ ಸ್ಟೇರಿಂಗಿಗೆ ಕುಂಕುಮ ಹಚ್ಚಿ, ಅದೇ ಒದ್ದೆ ಬೆರಳಿನಿಂದ ಪರದೆಗೂ ಹಚ್ಚಿದಳು. ಥಟ್ಟನೆ ಫ್ಯಾನ್ ಜೋರಾಗಿ ಬೀಸಿ, ಪೂಜಾರಿ ಕಾರಿನೊಳಗೆ ಹಿಡಿದಿದ್ದ ಆರತಿ ಆರಿತು.

"ತಿಳೀಲಿಲ್ಲಂದ್ರ ಯಾಕ ಮುಟ್ಟತಿ?" ಎಂದು ಎಲ್ಲರೆದುರೇ ಗದರಿದೆ. ಆಮೇಲೆ ಫ್ಯಾನ್ ನಿಲ್ಲಿಸಲು ನನಗೂ ಆಗಲಿಲ್ಲ. ಒದ್ದೆ ಪರದೆಯನ್ನು ಒತ್ತಿ ಒತ್ತಿ, ಫ್ಯಾನ್ ಆರಿಸುವ ಬದಲು ರೇಡಿಯೊ ಹಚ್ಚಿದೆ. ಕೊನೆಗೆ ಅವ್ವನೇ ಸೆರಗಿನಿಂದ ಒರೆಸಿಕೊಟ್ಟಳು, ಮತ್ತೆ ಒತ್ತಿದಾಗ ಫ್ಯಾನ್ ನಿಂತಿತು. ತಪ್ಪಾಯಿತು ಎನ್ನದೆಯೇ ಕಾರು ಹೊರಡಿಸಿದೆ.

ಖಾನಾಪುರ ದಾಟಿ ಬೆಳಗಾವಿ ಮುಟ್ಟುವವರೆಗೂ ಅವಳು ಸೆರಗಿನೊಳಗಿನ ಕೈ ಹೊರಗೆ ತೆಗೆಯಲಿಲ್ಲ. ಮನೆ ಬಂತು. ಕಾರಿನ ಬಾಗಿಲಿಗೆ ಮಾಮೂಲಿ ಹಿಡಿಕೆಯೇ ಇತ್ತು.

"ಬಾಗಲಾ ನೀನ ತಗೀಪಾ," ಎಂದಳು.